ಕೈಪಟ್ಟಿ

ಶೇವ್ ಮಾಡಿಕೊಳ್ಳುವಾಗ ಕಣ್ಣು ಮುಚ್ಚುವ ಚಟವೊಂದು ವರ್ಲಿನ್ ಸ್ಟ್ಯಾಂಪರ್‌ಗೆ ಈಚೆಗೆ ಅಂಟಿಕೊಂಡಿತ್ತು. ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಬರುವಷ್ಟರಲ್ಲಿ ರೆಪ್ಪೆಗಳು ತಾವಾಗಿಯೇ ಕೂಡಿಕೊಳ್ಳುತ್ತಿದ್ದವು. ಆಮೇಲೆ ಆ ಕತ್ತಲಲ್ಲೇ ನಲ್ಲಿ, ಸೋಪಿನ ಬಟ್ಟಲು, ದೀಪದ ಸ್ವಿಚ್ಚು, ಟವೆಲ್ಲು ಎಲ್ಲವನ್ನೂ ಮುಟ್ಟಬೇಕು. ಸರಿಯಾಗಿ ಸಿಕ್ಕಿದರೆ ಏನೋ ಗೆದ್ದ ಹಾಗೆ, ತಪ್ಪಿದರೆ ಏನೋ ಸೋತ ಹಾಗೆ. ಇವತ್ತು ಟವೆಲ್ಲಿಗೆಂದು ಹೋದ ಕೈ ಬರೀ ಗೋಡೆಯನ್ನು ಸವರಿತು. ಕಣ್ಣು ಬಿಟ್ಟ. ಟವೆಲ್ಲು ಅಲ್ಲಿರಲಿಲ್ಲ, ಹೆಂಡತಿ ನೆಡ್ರಾ ಒಗೆಯಲು ಹಾಕಿದ್ದಳು. ತನ್ನ ತಪ್ಪಲ್ಲ, ಅವಳದು ಎಂದುಕೊಂಡ. ಹೀಗೆ ಅಂದುಕೊಳ್ಳುವುದು ಎಷ್ಟು ಸಲೀಸಾಗಿಬಿಟ್ಟಿದೆ ಎಂಬುದು ಹಿಂದೆಯೇ ಹೊಳೆದು, ಕನ್ನಡಿಯಲ್ಲಿದ್ದ ಅರ್ಧ ನೊರೆಯ ಮುಖವನ್ನು ನೋಡಲಾರದೆ ನಲ್ಲಿಯನ್ನು ಜೋರಾಗಿ ತಿರುಗಿಸಿದ.

ಮಧ್ಯಾಹ್ನ ಗೆಳೆಯ ಡೆಲ್ಮರ್‌ನ ಶೆಡ್ಡಿನಲ್ಲಿ ಪರೀಕ್ಷೆಯಿತ್ತು. ಕಣ್ಣಿಗೆ ಬಟ್ಟೆ ಕಟ್ಟಿ ರೇಸ್ ಕಾರಿನೊಳಗೆ ಕೂರಿಸುತ್ತಾರೆ. ಪರೀಕ್ಷಕ ಹೊಬಾರ್ಟ್ ಕಾರಿನ ಒಂದೊಂದೇ ಭಾಗದ ಹೆಸರು ಕೂಗುತ್ತಾನೆ. ಹೆಸರು ಬಾಯಿಂದ ಬೀಳುತ್ತಲೇ ಕೈ ಅದರ ಮೇಲಿರಬೇಕು. ಹೊಗೆ ತುಂಬಿಕೊಂಡಾಗ, ಕಾರು ತಲೆಕೆಳಗಾದಾಗ ಕಣ್ಣಿನಿಂದ ಏನೂ ಪ್ರಯೋಜನವಿಲ್ಲವಲ್ಲ. ಹೊಸದಾಗಿ ಓಡಿಸುವವರು ಇದನ್ನು ಒಮ್ಮೆ ಪಾಸು ಮಾಡಿದರೆ ಸಾಕು. ಕಾರು ಉರುಳಿಸಿಕೊಂಡವರು ಮತ್ತೆ ಮಾಡಬೇಕು. ವರ್ಲಿನ್ ಮೇ ತಿಂಗಳಲ್ಲಿ ಉರುಳಿಸಿಕೊಂಡಿದ್ದ. ಈಗ ಆಗಸ್ಟ್. ಕಾಲರ್ ಮೂಳೆ ಕೂಡಿಕೊಂಡಿತ್ತು, ಪಕ್ಕೆಲುಬುಗಳು ಮಳೆ ಬರುವ ಮುಂಚೆ ಮಾತ್ರ ನೋಯುತ್ತಿದ್ದವು. ಕಾರನ್ನು ಗೆಳೆಯರೆಲ್ಲ ಸೇರಿ, ಕೆಲಸ ಮುಗಿಸಿ ಬಂದ ಸಂಜೆಗಳಲ್ಲಿ, ಬೀರ್ ಕುಡಿಯುತ್ತ, ಚೌಕಟ್ಟಿನ ಬಾಗಿದ ಕೊಳವೆಗಳನ್ನು ಕತ್ತರಿಸಿ ಹೊಸದನ್ನು ಬೆಸುಗೆ ಹಾಕಿ, ಮೊದಲಿನದಕ್ಕಿಂತ ಚೆನ್ನಾಗಿ ನಿಲ್ಲಿಸಿದ್ದರು. ಅವನನ್ನು ಒಂದು ಮಾತೂ ಕೇಳಿರಲಿಲ್ಲ. ಕೇಳುವುದೇನಿದೆ? ಪ್ರತಿ ಸಂಜೆ ಅವನೂ ಹೋಗಿ, ಒಂದು ತಲೆಕೆಳಗಾದ ಡಬ್ಬದ ಮೇಲೆ ಕೂತು, ತನ್ನನ್ನು ಮತ್ತೆ ಒಳಗೆ ಕೂರಿಸಲು ಅವರು ಬೆವರು ಸುರಿಸುವುದನ್ನು ನೋಡಿದ್ದ, ಥ್ಯಾಂಕ್ಸ್ ಹೇಳಿದ್ದ.

ಅಡುಗೆಮನೆಯಲ್ಲಿ ನೆಡ್ರಾ ಕೈಪಟ್ಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ಎರಡು ಬೆರಳಗಲದ ಕಪ್ಪು ನೈಲಾನ್ ಪಟ್ಟಿಗಳು. ಮೇಲೆ ತೆರೆದಿರುವ ಆ ಉದ್ದನೆಯ ಕಾರುಗಳಲ್ಲಿ ಓಡಿಸುವವನ ಮಣಿಕಟ್ಟಿಗೆ ಇವನ್ನು ತೊಡಿಸಿ ಇನ್ನೊಂದು ತುದಿಯನ್ನು ಸೊಂಟದ ಬೆಲ್ಟಿನ ಬಕಲ್ಲಿಗೆ ಸಿಕ್ಕಿಸುತ್ತಾರೆ. ಕಾರು ಉರುಳಿದರೆ ಕೈಗಳು ಕೊಳವೆಯ ಪಂಜರದಿಂದ ಹೊರಗೆ ಹಾರಿ ನೆಲಕ್ಕೆ ಸಿಕ್ಕಿಬಿಡಬಾರದು. ಸಡಿಲ ಬಿಟ್ಟರೆ ಕೈ ಹೋಗುತ್ತದೆ. ಬಿಗಿದರೆ ಕೈ ಎಲ್ಲಿಗೂ ಹೋಗುವುದಿಲ್ಲ. ಈ ಹದ ನೋಡುವ ಕೆಲಸ ಮದುವೆಯಾದಾಗಿನಿಂದ ನೆಡ್ರಾಳದು. ಟೈರಿನ ಗಾಳಿ ಅವಳದು, ಬೆಲ್ಟು ಅವಳದು, ಕೊನೆಗೆ ಹೆಲ್ಮೆಟ್ಟಿನ ಮೇಲೆ ಅಂಗೈಯಿಂದ ಒಂದು ಏಟು ಕೊಟ್ಟು ಪಕ್ಕಕ್ಕೆ ಸರಿಯುವುದೂ ಅವಳೇ. ಎಡಗೈಯ ಪಟ್ಟಿಯಲ್ಲಿ ಉದ್ದ ಹೆಚ್ಚುಕಮ್ಮಿ ಮಾಡುವ ಕೊಂಡಿ ಇರುತ್ತದಲ್ಲ, ಅದು ನಿಂತಿದ್ದ ಜಾಗದಲ್ಲಿ ಕೆಂಪು ಉಗುರುಬಣ್ಣದ ಒಂದು ಗೆರೆ ಎಳೆದಿದ್ದಳು. ಮೇ ತಿಂಗಳಿಂದ ಆ ಕೊಂಡಿಯನ್ನು ಯಾರೂ ಕದಲಿಸಿರಲಿಲ್ಲ.

“ಹೊಬಾರ್ಟ್‌ಗೆ ಫೋನ್ ಮಾಡಿದ್ದೆ,” ಎಂದಳು ತಲೆ ಎತ್ತದೆ. “ಮೊದ್ಲು ಇದೇ ಪಟ್ಟಿ ಇದೇ ಅಳತೇಲಿ ಹಾಕಿ ನೋಡೋಣ ಅಂದೆ. ಆಮೇಲೆ ಹೊಸದು.”

“ಯಾಕೆ?”

“ಆವತ್ತು ಪಟ್ಟಿ ಎಷ್ಟು ಕಮ್ಮಿ ಬಿತ್ತು ಅಂತ ನೋಡ್ಬೇಕು.”

“ನೋಡಿ ಏನ್ ಮಾಡ್ತೀಯಾ ಈಗ?”

“ಏನೂ ಮಾಡಲ್ಲ. ಒಂದು ಬೆರಳಾ, ಒಂದು ಗೇಣಾ, ಅಷ್ಟು ಗೊತ್ತಾದ್ರೆ ಸಾಕು ನಂಗೆ. ದಿನಾ ಒಂದೊಂದು ಅಳತೆ ಕಾಣುತ್ತೆ ವರ್ಲ್. ಒಂದಿನ ಕೂದಲೆಳೆಯಷ್ಟು, ಒಂದಿನ ಈ ಮೇಜಿನಷ್ಟು.” ಅವಳು ಪಟ್ಟಿಯನ್ನು ಸುತ್ತತೊಡಗಿದಳು. “ಇವತ್ತೊಂದೇ ದಿನ. ಆಮೇಲೆ ನಾನು ಯಾರ ಬೆಲ್ಟೂ ಮುಟ್ಟಲ್ಲ. ಡೆಲ್ಮರ್‌ಗೂ ಹೇಳಿದೀನಿ. ಅವನಿಗೂ ಕಟ್ಟಲ್ಲ, ನಿಂಗೂ ಕಟ್ಟಲ್ಲ.”

ಆಗ ನಿಜ ಹೇಳಬಹುದಿತ್ತು. ಬಾಯಿಯವರೆಗೆ ಬಂದಿತ್ತು. ಆದರೆ ಬಾಯಲ್ಲಿ ಬಿಸ್ಕತ್ತಿನ ತುಂಡೂ ಇತ್ತು. ಅದನ್ನು ಅಗಿಯುವುದು, ನುಂಗುವುದು, ಕಾಫಿ ಗುಟುಕರಿಸುವುದು ಇಷ್ಟೂ ಮುಗಿಯುವಷ್ಟರಲ್ಲಿ ಅವಳು ಎದ್ದು ಪಾತ್ರೆಗಳ ಕಡೆ ಹೋಗಿದ್ದಳು. ಅವಳ ಬೆನ್ನಿಗೆ ಹೇಳುವ ಮಾತಲ್ಲ ಅದು ಎಂದುಕೊಂಡ. ಇನ್ನೊಂದು ಮಾತನ್ನು ಆಸ್ಪತ್ರೆಯಲ್ಲಿ ಅವಳ ಮುಖಕ್ಕೇ ಹೇಳಿದ್ದನಲ್ಲ. ಕುತ್ತಿಗೆಗೆ ಪಟ್ಟಿ, ಮೂಗಿಗೆ ನಳಿಗೆ, ಚಾವಣಿಯ ಬಿಳಿ ಹಲಗೆಗಳಲ್ಲದೆ ಬೇರೇನೂ ಕಾಣದ ಆ ಸ್ಥಿತಿಯಲ್ಲಿ, ಒಮ್ಮೆಲೇ ಅವಳ ಮುಖ ಮೇಲಿನಿಂದ ಬಾಗಿ ಬಂದು, “ಕೈ ಎಟುಕಲಿಲ್ವಾ? ಪಟ್ಟಿ ಗಿಡ್ಡ ಆಯ್ತಾ?” ಎಂದು ಕೇಳಿತ್ತು. ಕಾರಿನ ವೇಗ ತಡೆಯುವ ಪ್ಯಾರಾಶೂಟನ್ನು ಅವನು ಯಾಕೆ ಬಿಚ್ಚಲಿಲ್ಲ ಎಂಬುದು ಆ ಹೊತ್ತಿಗೆ ಟ್ರ್ಯಾಕಿನ ಪ್ರತಿಯೊಬ್ಬರ ಪ್ರಶ್ನೆಯಾಗಿತ್ತು. ಅದಕ್ಕೊಂದು ಉತ್ತರವನ್ನು ಅವಳೇ ಕೈಯಲ್ಲಿ ಹಿಡಿದುಕೊಂಡು ಬಂದಿದ್ದಳು. ಅಪಘಾತದ ಹಿಂದಿನ ವಾರವಷ್ಟೇ ಹೊಬಾರ್ಟ್ ಅವಳನ್ನು ಕರೆದು, ಪಟ್ಟಿ ಸಡಿಲ ಆಯ್ತು ತಾಯಿ, ಹಿಂಗೇ ಬಿಟ್ರೆ ಒಂದಿನ ಅವನ ಕೈ ಬೇರೆ ಕಡೆ ಹುಡುಕ್ಬೇಕಾಗುತ್ತೆ ಎಂದು ಗದರಿಸಿದ್ದ. ಅವಳು ಬಿಗಿ ಮಾಡಿದ್ದಳು. “ಎಟುಕಲಿಲ್ಲ,” ಎಂದಿದ್ದ ವರ್ಲಿನ್. ಒಂದೇ ಪದ. ಅವಳ ಮುಖ ಮೇಲಿನಿಂದ ಸರಿದು ಹೋಯಿತು, ಮತ್ತೆ ಚಾವಣಿ. ಎಷ್ಟು ಹಗುರವಾಯಿತೆಂದರೆ ಅವನಿಗೆ ನಿದ್ದೆ ಬಂದುಬಿಟ್ಟಿತು.

ಅದು ಪೂರ್ತಿ ಸುಳ್ಳು ಎಂದು ತನಗೂ ಗೊತ್ತಿಲ್ಲ ಎನ್ನುವುದೇ ಈ ಬೇಸಿಗೆಯುದ್ದಕ್ಕೂ ಅವನ ಆಸರೆ. ಆವತ್ತು ಗೆದ್ದಿದ್ದ. ಓಟ ಮುಗಿಯುವ ಗೆರೆ ದಾಟುತ್ತಲೇ ತನ್ನ ಕಡೆಯ ಗೋಡೆಯ ಮೇಲೆ ಗೆದ್ದವನ ದೀಪ ಹೊತ್ತಿದ್ದು ಕಣ್ಣಂಚಿಗೆ ಕಂಡಿತ್ತು, ಹೆಲ್ಮೆಟ್ಟಿನೊಳಗೆ ಒಬ್ಬನೇ ನಕ್ಕಿದ್ದ. ಆ ನಗು ಇನ್ನೂ ಮುಖದ ಮೇಲಿರುವಾಗಲೇ ಹಿಂದಿನ ಟೈರು ಮೆತ್ತಗಾದ ಹಾಗೆನಿಸಿತು, ಕಾರು ಒಂದು ಪಕ್ಕಕ್ಕೆ ತೇಲತೊಡಗಿತು, ಬಹಳ ನಿಧಾನವಾಗಿ, ದೋಣಿಯೊಂದು ದಡ ಬಿಡುವ ಹಾಗೆ. ಆಗ ಮಾಡಬೇಕಾದ್ದು ಒಂದೇ. ಎಡಗೈ ಎತ್ತಿ, ಮುಂದಿನ ಮೇಲ್ಕೊಳವೆಗೆ ಕೂರಿಸಿದ ಲಿವರ್ ಎಳೆದರೆ ಹಿಂದೆ ಪ್ಯಾರಾಶೂಟ್ ಬಿಚ್ಚಿಕೊಂಡು ಕಾರಿನ ಬಾಲ ಹಿಡಿದು ನೆಟ್ಟಗೆ ಮಾಡುತ್ತದೆ. ಇಪ್ಪತ್ತು ವರ್ಷ ಶನಿವಾರ ಶನಿವಾರ ಆ ಲಿವರ್ ಎಳೆದ ಕೈ ಅದು. ಅದು ಹೋದದ್ದು ಮುಖಕ್ಕೆ. ಎರಡೂ ಕೈಗಳು ಸ್ಟೀರಿಂಗ್ ಬಿಟ್ಟು ಬಂದು ಹೆಲ್ಮೆಟ್ಟಿನ ಗಾಜನ್ನು ಮುಚ್ಚಿಕೊಂಡವು. ಅಪ್ಪ ಬೆಲ್ಟು ಬಿಚ್ಚುವ ಸದ್ದಾದಾಗ ಮಂಚದ ಮೂಲೆಯಲ್ಲಿ ಕೂತು ಮುಚ್ಚಿಕೊಳ್ಳುತ್ತಿದ್ದ ಹಾಗೆಯೇ, ಮೊಣಕೈಗಳನ್ನು ಎದೆಗೆ ಒತ್ತಿಕೊಂಡು. ಆಮೇಲಿನ ಗೋಡೆ, ಆಕಾಶ, ಕೊಳವೆ ಡಾಂಬರನ್ನು ತರಿಯುವ ಆ ಕಿರುಚಾಟ, ಯಾವುದನ್ನೂ ಅವನು ನೋಡಲಿಲ್ಲ. ಹಾಗಾಗಿ ಪಟ್ಟಿ ಗಿಡ್ಡವಿತ್ತೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಎತ್ತಿದ್ದರಲ್ಲವೇ ಗೊತ್ತಾಗುವುದು? ಮುಖಕ್ಕೆ ಎಟುಕಿದ ಕೈ ಲಿವರಿಗೂ ಎಟುಕುತ್ತಿತ್ತೆಂದು ಹೇಳಲಾಗದು. ಎರಡರ ದಿಕ್ಕು ಬೇರೆ. ಎಟುಕದೆಯೇ ಇದ್ದಿರಬಹುದು. ಹಾಗಿದ್ದರೆ ತಾನು ಹೇಳಿದ್ದು ನಿಜವೇ ಆಯಿತು, ಅಕಸ್ಮಾತ್ತಾಗಿ. ಈ ಲೆಕ್ಕವನ್ನು ಅವನು ಎಷ್ಟು ಸಲ ಹಾಕಿದ್ದನೆಂದರೆ ಅದು ಸವೆದು ನುಣ್ಣಗಾಗಿತ್ತು.

ಕೌಂಟಿಯ ರಸ್ತೆ ಇಲಾಖೆಯಲ್ಲಿ ಅವನು ಹುಲ್ಲು ಕತ್ತರಿಸುವ ದೊಡ್ಡ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಕೆಲಸಕ್ಕೆ ಮರಳಿದ ಮೊದಲ ದಿನ ಗ್ಯಾರೇಜಿನಲ್ಲಿ ಎಲ್ಲರೂ ಸುತ್ತ ನಿಂತು ಬೆನ್ನು ತಟ್ಟಿದ್ದರು. “ನನ್ನ ಹೆಂಡ್ತಿಗೆ ನಾನು ಟೀವಿ ರಿಮೋಟೂ ಕೊಡಲ್ಲಪ್ಪ, ನೀನು ಬೆಲ್ಟು ಕೊಟ್ಟಿದೀಯಾ,” ಎಂದಿದ್ದ ಒಬ್ಬ. “ಇನ್ಶೂರೆನ್ಸ್ ಎಷ್ಟಕ್ಕೆ ಮಾಡ್ಸಿದೀಯಾ ಅಂತ ನೆಡ್ರಾ ಕೇಳಿದ್ಲಾ ಈಚೆಗೆ?” ಎಂದಿದ್ದ ಇನ್ನೊಬ್ಬ. ಎಲ್ಲರೂ ನಕ್ಕರು. ವರ್ಲಿನ್ನೂ ನಕ್ಕ. ನಕ್ಕಾಗ ಪಕ್ಕೆ ನೋಯಿತು, ಆ ನೋವು ಒಂದು ಬಗೆಯ ಶಿಕ್ಷೆಯಂತೆ ಹಿತವಾಗಿತ್ತು. ಆಮೇಲೊಂದು ದಿನ ಅಂಗಡಿಯಲ್ಲಿ, ಹಾಲಿನ ಡಬ್ಬಗಳ ಮುಂದೆ, ಚರ್ಚಿನ ಹೆಂಗಸೊಬ್ಬಳು ನೆಡ್ರಾಳನ್ನು ತಬ್ಬಿಕೊಂಡು, “ಬೇಕಂತ ಮಾಡಿದ್ದಲ್ವಲ್ಲ ಮಗಳೇ, ದೇವ್ರಿಗೆ ಗೊತ್ತು,” ಎಂದು ಸಮಾಧಾನ ಹೇಳಿದಳು. ನೆಡ್ರಾ ಹೌದು ಎಂದು ತಲೆಯಾಡಿಸುತ್ತ ನಿಂತಿದ್ದಳು, ಕೈಯಲ್ಲಿ ಬೆಣ್ಣೆಯ ಪೊಟ್ಟಣ. ಗಾಡಿ ತಳ್ಳಿಕೊಂಡು ಹಿಂದೆ ಬರುತ್ತಿದ್ದ ವರ್ಲಿನ್ ಪಕ್ಕದ ಸಾಲಿಗೆ ತಿರುಗಿ, ನಾಯಿ ಸಾಕದ ಮನೆಯವನು, ನಾಯಿಯ ಬಿಸ್ಕತ್ತುಗಳ ಬೆಲೆಗಳನ್ನು ಬಹಳ ಹೊತ್ತು ಓದಿದ.

ಶೆಡ್ಡಿಗೆ ಹೊರಟಾಗ ಟ್ರಕ್ಕನ್ನು ಅವನೇ ಓಡಿಸಿದ. ದಾರಿಯ ಎರಡೂ ಕಡೆ ಆಳೆತ್ತರ ಬೆಳೆದ ತಂಬಾಕು, ಕೆಳಗಿನ ಎಲೆಗಳು ಹಳದಿಗೆ ತಿರುಗುತ್ತಿದ್ದವು. ನೆಡ್ರಾ ಪಟ್ಟಿಗಳ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಇನ್ನು ಓಡಿಸುವುದಿಲ್ಲ ಎಂದು ಅವನು ಎಂದೋ ತೀರ್ಮಾನಿಸಿಯಾಗಿತ್ತು. ತೀರ್ಮಾನ ಎಂದರೆ ತಪ್ಪಾದೀತು. ದೇಹ ತೀರ್ಮಾನಿಸಿ ಅವನಿಗೆ ತಿಳಿಸಿತ್ತು. ಇಂಜಿನ್ ಚಾಲೂ ಮಾಡಿ ನೋಡೋಣ ಎಂದು ಡೆಲ್ಮರ್ ಕಳೆದ ವಾರ ಗುಂಡಿ ಒತ್ತಿದಾಗ, ಎದೆಯೊಳಗೆ ಹೊಕ್ಕು ಬಡಿಯುವ ಆ ಸದ್ದಿಗೆ, ಒಂದು ಕಾಲದಲ್ಲಿ ವಾರವಿಡೀ ಹುಲ್ಲು ಕತ್ತರಿಸುತ್ತ ಅವನು ಕಾಯುತ್ತಿದ್ದ ಆ ಸದ್ದಿಗೆ, ಶೆಡ್ಡಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡು, ಬೀರ್ ಜಾಸ್ತಿ ಆಯ್ತು ಎಂದಿದ್ದ. ಆದರೂ ಪರೀಕ್ಷೆ ಮಾತ್ರ ಪಾಸು ಮಾಡಬೇಕು. ಪಾಸಾಗಿ ಬಿಟ್ಟರೆ ಬಿಟ್ಟವನು, ಪಾಸಾಗದೆ ಬಿಟ್ಟರೆ ಓಡಿಹೋದವನು. ಆಮೇಲೆ ಹೇಳುವ ವಾಕ್ಯವೂ ಸಿದ್ಧವಿತ್ತು. ಟ್ರ್ಯಾಕಿನಲ್ಲಿ ಹಳಬರೆಲ್ಲ ಹೇಳಿಹೋದ ವಾಕ್ಯ ಅದು: ಮನೆಯವಳು ಬೇಡ ಅಂದ್ಲು. ಕಣ್ಣು ಮಂಜಾದವರೂ ಅದನ್ನೇ ಹೇಳಿದರು, ಕಾಸಿಲ್ಲದವರೂ ಅದನ್ನೇ ಹೇಳಿದರು. ಕೇಳಿದವರು ತಲೆಯಾಡಿಸುತ್ತಾರೆ, ಮುಂದಕ್ಕೆ ಕೆದಕುವುದಿಲ್ಲ. ಹೆಂಡತಿಯ ಮಾತು ಕೇಳಿ ಬಿಟ್ಟವನಿಗೆ ಒಂದು ಮರ್ಯಾದೆಯೇ ಇದೆ. ಆ ಹೆಂಡಂದಿರು ನಿಜವಾಗಿ ಏನಂದಿದ್ದರೋ ಯಾರೂ ಕೇಳಿದ್ದಿಲ್ಲ. ವಾಕ್ಯವನ್ನು ಮನಸ್ಸಿನಲ್ಲೇ ಹೇಳಿ ನೋಡಿದ. ಪಕ್ಕದಲ್ಲೇ ಅವಳು ಕೂತಿದ್ದಳು, ಕಿಟಕಿಯ ಗಾಳಿಗೆ ಕುತ್ತಿಗೆಯ ಹಿಂದಿನ ಕೂದಲು ಹಾರುತ್ತಿತ್ತು. ಇದೂ ಅವಳ ತಲೆಗೇ.

ಡೆಲ್ಮರ್ ಶೆಡ್ಡಿನ ಬಾಗಿಲಲ್ಲೇ ಇದ್ದ. ಅವನು ವರ್ಲಿನ್‌ನ ಸ್ಕೂಲಿನ ಗೆಳೆಯ, ಅವನದೂ ಇಂಥದೇ ಒಂದು ಕಾರು ಒಳಗಿತ್ತು. ಹೊಬಾರ್ಟ್ ಆಗಲೇ ಬಂದು ಮಡಿಚುವ ಕುರ್ಚಿಯಲ್ಲಿ ಕೂತು ಪೀಚ್ ಹಣ್ಣು ತಿನ್ನುತ್ತಿದ್ದ. ಎಲ್ಲರಿಗಿಂತ ಹಿರಿಯ; ಟ್ರ್ಯಾಕಿನಲ್ಲಿ ಅವನು ಸರಿ ಎನ್ನದೆ ಯಾವ ಚಕ್ರವೂ ತಿರುಗುತ್ತಿರಲಿಲ್ಲ.

“ಬಾ ಮಗನೇ,” ಎಂದ ಹೊಬಾರ್ಟ್, ಕೈ ಒರೆಸಿಕೊಳ್ಳುತ್ತ. “ಪೂರ್ತಿ ಬಟ್ಟೆ ಹಾಕ್ಕೋ. ಬನಿಯನ್ನಲ್ಲಿ ಕೂತು ಕೈಯಾಡ್ಸಿದ್ರೆ ನಾನು ಒಪ್ಪಲ್ಲ.”

ಬೆಂಕಿ ತಡೆಯುವ ದಪ್ಪ ಅಂಗಿ, ಕೈಗವಸು, ಹೆಲ್ಮೆಟ್ಟು. ಕಾರಿನೊಳಗೆ ಕಾಲು ಚಾಚಿ ಇಳಿಯುವಾಗ ಹೊಸ ಬಣ್ಣದ ವಾಸನೆ ಬಂತು, ಅದರಡಿಯಲ್ಲಿ ಹಳೆಯ ರಬ್ಬರಿನ ವಾಸನೆ. ನೆಡ್ರಾ ಬಾಗಿ ಭುಜದ ಬೆಲ್ಟುಗಳನ್ನು ಎಳೆದಳು, ತೊಡೆಯ ನಡುವಿನದನ್ನು ಸಿಕ್ಕಿಸಿದಳು, ಕೊನೆಗೆ ಕೈಪಟ್ಟಿಗಳು. ಅವಳ ಬೆರಳುಗಳು ಕೆಲಸ ಮಾಡುವ ರೀತಿ ಅವನಿಗೆ ತನ್ನ ಉಸಿರಿನಷ್ಟು ಪರಿಚಿತ. ಇವತ್ತು ಅವು ಎರಡೆರಡು ಸಲ ತಡವರಿಸಿದವು. ಕೆಂಪು ಗೆರೆಯನ್ನು ಹೊಬಾರ್ಟ್‌ಗೆ ತೋರಿಸಿದಳು. ಅವನು ಬಾಗಿ ನೋಡಿ ಹೂಂ ಎಂದ. ಹೆಲ್ಮೆಟ್ಟಿನ ಗಾಜಿನ ಒಳಗಡೆ ಕಪ್ಪು ಬಟ್ಟೆ ತುರುಕಿದರು. ಲೋಕ ಆರಿತು.

“ಮದುವೆ ದಿನಾನೂ ಹಿಂಗೇ ಕಣ್ಣು ಕಟ್ಟಿ ಕೂರ್ಸಿದ್ರಂತೆ ಇವನ್ನ,” ಡೆಲ್ಮರ್‌ನ ದನಿ ಬಲಗಡೆಯಿಂದ ಬಂತು.

“ಅದಕ್ಕೇ ಓಡಿಹೋಗಲಿಲ್ಲ,” ಎಂದಳು ನೆಡ್ರಾ. ಬಹಳ ದಿನಗಳ ಮೇಲೆ ಅವಳು ಹಾಸ್ಯಕ್ಕೆ ಜೊತೆಗೂಡಿದ್ದಳು, ಆದರೆ ದನಿ ಒಣಗಿತ್ತು.

“ಮಾತು ಸಾಕು,” ಎಂದ ಹೊಬಾರ್ಟ್. “ಇಗ್ನಿಷನ್ ಸ್ವಿಚ್ಚು.”

ಕೈ ಹೋಯಿತು. ಸಿಕ್ಕಿತು. ಬ್ರೇಕು, ಗೇರು, ಬೆಂಕಿ ಆರಿಸುವ ಗುಂಡಿ, ಇಂಧನದ ಕವಾಟ. ಹೆಸರು ಬೀಳುತ್ತಿತ್ತು, ಕೈ ಅಲ್ಲಿರುತ್ತಿತ್ತು. ಕತ್ತಲೆಯೊಳಗೆ ಕಾರು ಒಂದೊಂದಾಗಿ ಮೂಡಿಬರುತ್ತಿದ್ದ ಹಾಗೆ ಅವನಿಗೆ ಒಂದು ಬಗೆಯ ಸುಖವಾಯಿತು. ತನಗೆ ಇದು ಚೆನ್ನಾಗಿ ಬರುತ್ತದೆ. ಇಪ್ಪತ್ತು ವರ್ಷದಲ್ಲಿ ಅವನಿಗೆ ಚೆನ್ನಾಗಿ ಬಂದದ್ದು ಇದೊಂದೇ. ಚಾವಣಿಯ ತಗಡು ಬಿಸಿಲಿಗೆ ಟಿಕ್ ಟಿಕ್ ಎನ್ನುತ್ತಿತ್ತು.

“ಪ್ಯಾರಾಶೂಟ್.”

ಎಡಗೈ ಎದ್ದಿತು. ಅದು ಎದ್ದದ್ದೇ ಅವನಿಗೆ ಅಚ್ಚರಿಯಾಗಿ, ಅರ್ಧ ದಾರಿಯಲ್ಲಿ, ಅದನ್ನು ನಿಲ್ಲಿಸಿದ. ಮಣಿಕಟ್ಟಿನಲ್ಲಿ ಪಟ್ಟಿಯ ತೂಕ ಗೊತ್ತಾಗುತ್ತಿತ್ತು, ಬಿಗಿತ ಗೊತ್ತಾಗುತ್ತಿರಲಿಲ್ಲ. ಲಿವರ್ ಇನ್ನೆಷ್ಟು ದೂರ? ಒಂದು ಗೇಣಿರಬಹುದು. ಇಲ್ಲೇ ನಿಲ್ಲಿಸಿ, ತೋಳನ್ನು ಸ್ವಲ್ಪ ನಡುಗಿಸಿ, ಎಳೆದ ಹಾಗೆ ಮಾಡಿದರೆ ಮುಗಿಯಿತು. ಅವಳಿಗೆ ಬೇಕಾದ ಅಳತೆ ಅವಳಿಗೆ ಸಿಗುತ್ತದೆ. ಹೊಸ ಪಟ್ಟಿ ಹಾಕುತ್ತಾರೆ, ಪಾಸಾಗುತ್ತಾನೆ, ವಾಕ್ಯ ಹೇಳುತ್ತಾನೆ, ಮನೆಗೆ ಹೋಗುತ್ತಾರೆ. ಪಟ್ಟಿ ಈಗ ಎಳೆದುಕೊಂಡು ನಿಂತಿದೆಯೋ, ಜೋಲುಬಿದ್ದಿದೆಯೋ? ಹೊರಗಿನವರಿಗೆ ಅದು ಕಾಣುತ್ತದೆ, ತನಗೆ ಕಾಣುವುದಿಲ್ಲ. ಜೋಲುಬಿದ್ದದ್ದನ್ನು ಮೂರು ಜನ ನೋಡುತ್ತ ನಿಂತಿರಬಹುದು, ತಾನು ಮಾತ್ರ ಕತ್ತಲಲ್ಲಿ ನಾಟಕವಾಡುತ್ತಿರಬಹುದು. ಅಥವಾ ಯಾರಿಗೂ ಏನೂ ಕಾಣದೆ ಇರಬಹುದು; ಅವಳು ಅವನ ಬೆರಳನ್ನಷ್ಟೇ ನೋಡುತ್ತಿರಬಹುದು, ಅದು ಎಲ್ಲಿ ಸೋಲುತ್ತದೆಂದು. ಬೆವರು ಹುಬ್ಬು ದಾಟಿ ಕಣ್ಣಿಗೆ ಇಳಿಯಿತು.

“ಎಟುಕ್ತಿಲ್ವಾ ಮಗನೇ?” ಎಂದ ಹೊಬಾರ್ಟ್.

ಆಗ ನೆಡ್ರಾ ಉಸಿರು ಬಿಟ್ಟದ್ದು ಕೇಳಿಸಿತು. ಅಳುವಲ್ಲ. ಬಹಳ ಹೊತ್ತು ಹೊತ್ತುಕೊಂಡಿದ್ದನ್ನು ಇಳಿಸುವ ಜಾಗ ಸಿಕ್ಕಿತೆನ್ನುವ ಹಾಗೆ, ಸಣ್ಣದಾಗಿ. “ನೋಡಿದ್ರಾ,” ಎಂದಳು ಮೆಲ್ಲಗೆ, ಯಾರಿಗೆಂದಿಲ್ಲದೆ. “ಇಷ್ಟು. ಇಷ್ಟು ಕಮ್ಮಿ.” ಅವಳ ದನಿಯಲ್ಲಿ ಕೃತಜ್ಞತೆಯಿತ್ತು. ಬೇರೆ ಏನಿದ್ದರೂ ಅವನು ತಡೆದುಕೊಳ್ಳುತ್ತಿದ್ದ. ಇನ್ನು ಜೀವನವಿಡೀ ಅವಳು ಆ ಒಂದು ಗೇಣನ್ನು ಹಿಡಿದುಕೊಂಡು ನೆಮ್ಮದಿಯಾಗಿ ಇದ್ದುಬಿಡುತ್ತಾಳೆ, ಅದೂ ತಾನು ಗಾಳಿಯಲ್ಲಿ ಅಳೆದು ಕೊಟ್ಟದ್ದು.

ಅವನು ತೋಳನ್ನು ಚಾಚಿದ. ಕೈಗವಸಿನ ಮೂಲಕ ಲಿವರಿನ ದುಂಡು ತಲೆ ಅಂಗೈಗೆ ಸಿಕ್ಕಿತು. ಎಳೆದ. ಹಿಂದುಗಡೆ ಪ್ಯಾರಾಶೂಟ್ ಇರಬೇಕಾದ ಖಾಲಿ ಚೀಲದಲ್ಲಿ ಕಟಕ್ಕೆಂದು ಕೊಕ್ಕೆ ಬಿಟ್ಟುಕೊಂಡ ಸದ್ದಾಯಿತು.

“ಮತ್ತೊಂದ್ಸಲ,” ಎಂದ ಹೊಬಾರ್ಟ್. ಅವನು ಮತ್ತೆ ಕೈ ಇಳಿಸಿ, ಎತ್ತಿ, ಮುಟ್ಟಿದ. ಕೈ ತಾನಾಗಿ ಹೋಯಿತು. ಹೊಬಾರ್ಟ್‌ನ ಬೆರಳು ಪಟ್ಟಿಯ ಅಡಿ ಹೊಕ್ಕು ಎತ್ತಿ ನೋಡಿದ್ದು ಗೊತ್ತಾಯಿತು. “ಇಲ್ಲಿ ಇನ್ನೂ ಸಡಿಲ ಇದೆ ತಾಯಿ. ನಿನ್ನ ಅಳತೆ ಸರಿಯಾಗೇ ಇತ್ತು.”

“ಈಗ ಕಾರು ನಿಂತಿದೆಯಲ್ಲ,” ಡೆಲ್ಮರ್ ಅವಸರವಾಗಿ ಹೇಳಿದ. “ಆವತ್ತು ಗಿರಗಿರ ತಿರುಗ್ತಿತ್ತು. ಮೈಯೆಲ್ಲ ಒಂದು ಕಡೆ ಎಳೆದಾಗ ಕೈ ಎಲ್ಲಿ ಎಟುಕುತ್ತೆ? ಅದು ಬೇರೆ, ಇದು ಬೇರೆ. ಅಲ್ವೇನೋ ವರ್ಲ್?”

ಒಳ್ಳೆಯ ಗೆಳೆಯ. ಕತ್ತಲೆಯೊಳಗೆ ಒಂದು ಬಾಗಿಲು ತೆರೆದು ಹಿಡಿದಿದ್ದ. ಬಟ್ಟೆ ಇನ್ನೂ ಕಣ್ಣ ಮೇಲಿತ್ತು. ಅದು ಇರುವಾಗಲೇ ಹೇಳಿಬಿಡಬೇಕು ಎನಿಸಿತು.

“ಇಲ್ಲ,” ಎಂದ. ಹೆಲ್ಮೆಟ್ಟಿನೊಳಗೆ ತನ್ನ ದನಿ ತನಗೇ ದೊಡ್ಡದಾಗಿ ಕೇಳಿಸಿತು. “ಆವತ್ತು ನಾನು ಕೈ ಎತ್ತಲೇ ಇಲ್ಲ. ಮುಖ ಮುಚ್ಕೊಂಡೆ.”

ತಗಡು ಟಿಕ್ ಎಂದಿತು. ಆಮೇಲೆ ಹೊಟ್ಟೆಯ ಮೇಲೆ ಒಂದು ಕೈ ಬಂತು, ಬಕಲ್ಲಿನ ಕೊಂಡಿ ಎತ್ತಿತು, ಬೆಲ್ಟುಗಳೂ ಪಟ್ಟಿಗಳೂ ಒಮ್ಮೆಲೇ ಸಡಿಲಾಗಿ ಬಿದ್ದವು. ಅವಳ ಕೈ. ತಡವರಿಸಲಿಲ್ಲ. ಅವನು ಬಟ್ಟೆ ಕಿತ್ತು, ಹೆಲ್ಮೆಟ್ಟು ತೆಗೆದು ನೋಡುವಷ್ಟರಲ್ಲಿ ಅವಳು ಬಾಗಿಲ ಬೆಳಕಿನಲ್ಲಿ ಬೆನ್ನಾಗಿ, ಟ್ರಕ್ಕಿನ ಕಡೆ ನಡೆದು ಹೋಗುತ್ತಿದ್ದಳು.

“ಪಾಸು,” ಎಂದ ಹೊಬಾರ್ಟ್, ಅವನ ಮುಖ ನೋಡದೆ. ಇನ್ನೊಂದು ಪೀಚ್ ತೆಗೆದುಕೊಂಡು ಶೆಡ್ಡಿನ ಹಿಂಬದಿಗೆ ಹೋದ. ವರ್ಲಿನ್ ಕಾರಿನಿಂದ ಮೇಲೆದ್ದು ಬಂದ. ಡೆಲ್ಮರ್‌ನ ಎದುರು ನಿಂತ.

“ಇನ್ನು ಓಡ್ಸಲ್ಲ ಕಣೋ ನಾನು.”

“ಗೊತ್ತಾಯ್ತು ಬಿಡು.” ಡೆಲ್ಮರ್ ನೆಲ ನೋಡುತ್ತಿದ್ದ. ಕಾರು ಮತ್ತೆ ಕಟ್ಟಲು ಎಷ್ಟು ಸಂಜೆಗಳು ಹೋದವು ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು. “ನೆಡ್ರಾ ಬೇಡ ಅಂದ್ಲು ಅಂತ ಹೇಳ್ತೀನಿ ಎಲ್ರಿಗೂ. ಇಲ್ಲಿ ಆಗಿದ್ದು ಇಲ್ಲೇ ಇರ್ಲಿ. ಹೊಬಾರ್ಟ್ ಬಾಯಿ ಬಿಡಲ್ಲ.”

ಹೊರಗೆ ಟ್ರಕ್ಕಿನ ಕಿಟಕಿ ಇಳಿದಿತ್ತು. ಅವಳಿಗೆ ಕೇಳಿಸುತ್ತದೋ ಇಲ್ಲವೋ ತಿಳಿಯಲಿಲ್ಲ. ಕೇಳಿಸದಿದ್ದರೂ ಹೇಳಬೇಕಾದ್ದು ಎಂದು ತಿಳಿಯಿತು.

“ಅವಳ ಹೆಸರು ಹೇಳ್ಬೇಡ. ಅವಳು ಏನೂ ಅಂದಿಲ್ಲ. ಹೆದರಿಕೆ ಅಂತ ಹೇಳು.”

“ಯಾರಿಗೆ?”

“ನಂಗೆ. ವರ್ಲಿನ್‌ಗೆ ಹೆದರಿಕೆ ಆಯ್ತಂತೆ, ಬಿಟ್ಟನಂತೆ, ಅಂತ ಹೇಳು. ಪಟ್ಟಿ ಸರಿಯಾಗಿತ್ತಂತೆ, ಅದನ್ನೂ ಹೇಳು. ಗ್ಯಾರೇಜಲ್ಲಿ ನಾನೇ ಹೇಳ್ತೀನಿ.”

ಡೆಲ್ಮರ್ ತಲೆ ಎತ್ತಿದ. ಗೆಳೆಯನನ್ನು ಬಟ್ಟೆಯಿಲ್ಲದೆ ನೋಡಿದವನ ಹಾಗೆ ಮತ್ತೆ ತಕ್ಷಣ ಬೇರೆ ಕಡೆ ತಿರುಗಿ, ಒಂದು ಸ್ಪ್ಯಾನರ್ ಎತ್ತಿ, ಅದು ಇದ್ದ ಜಾಗದಲ್ಲೇ ಇಟ್ಟ.

ನೆಡ್ರಾ ಸ್ಟೀರಿಂಗಿನ ಹಿಂದೆ ಕೂತಿದ್ದಳು. ವರ್ಲಿನ್ ಇನ್ನೊಂದು ಕಡೆಯಿಂದ ಹತ್ತಿದ. ಬೆಂಕಿಯಂಗಿಯನ್ನು ಬಿಚ್ಚದೆಯೇ ಬಂದಿದ್ದನೆಂದು ಆಗ ಗೊತ್ತಾಯಿತು. ಅದರೊಳಗೆ ಬೇಯುತ್ತ, ಗುಂಡಿ ಬಿಚ್ಚಲೂ ಧೈರ್ಯವಿಲ್ಲದೆ ಕೂತ. ತಂಬಾಕಿನ ಹೊಲಗಳು ಹಿಂದಕ್ಕೆ ಹೋದವು. ಏನಾದರೂ ಹೇಳಬೇಕೆಂದು ಬಾಯಿ ತೆರೆದ.

“ಈಗ ಬೇಡ,” ಎಂದಳು. “ನಂಗೆ ಏನು ಹೇಳ್ಬೇಕು ಅಂತ ಇನ್ನೂ ಗೊತ್ತಿಲ್ಲ. ಗೊತ್ತಾದಾಗ ನೀನು ಕೇಳ್ಬೇಕಾಗುತ್ತೆ. ಪೂರ್ತಿ ಕೇಳ್ಬೇಕು.”

“ಹೂಂ.”

ಅವಳು ಮನೆಯ ತಿರುವು ತೆಗೆದುಕೊಳ್ಳಲಿಲ್ಲ. ನದಿಯ ಕಡೆ ಇಳಿಯುವ ರಸ್ತೆಯಲ್ಲಿ, ಕ್ಯಾಟ್‌ಫಿಶ್ ಮೀನು ಕರಿದು ಕೊಡುವ ಅಂಗಡಿಯ ಮುಂದೆ ಟ್ರಕ್ಕು ನಿಲ್ಲಿಸಿದಳು. ಒಳಗೆ ಎಣ್ಣೆಯ ಹೊಗೆ, ಫ್ಯಾನು, ಶನಿವಾರದ ಜನ. ಬೆಂಕಿಯಂಗಿಯಲ್ಲಿ ಬಂದವನನ್ನು ಎಲ್ಲರೂ ತಿರುಗಿ ನೋಡಿದರು, ಯಾರೋ ದೂರದಿಂದ ಕೈಯೆತ್ತಿ, “ಮತ್ತೆ ಹತ್ತಿದ್ಯೇನೋ ಕಾರು?” ಎಂದು ಕೂಗಿದರು. ವರ್ಲಿನ್ ಇಲ್ಲವೆಂದು ತಲೆಯಾಡಿಸಿದ. ಅವರು ಅದನ್ನು ವಿನಯವೆಂದುಕೊಂಡು ನಕ್ಕರು. ನೆಡ್ರಾ ಒಂದೇ ತಟ್ಟೆಗೆ ಹೇಳಿದಳು. ಮೀನು, ಜೋಳದ ಹಿಟ್ಟಿನ ಬೋಂಡಾ, ಎಲೆಕೋಸಿನ ಕೋಸಂಬರಿ. ಅವನಿಗೆ ಏನು ಬೇಕೆಂದು ಕೇಳಲಿಲ್ಲ. ತಟ್ಟೆ ಬಂದಾಗ ಮುಳ್ಳುಚಮಚ ಬದಿಗಿಟ್ಟು, ಕೈಯಿಂದಲೇ ಮುರಿದು, ಬಿಸಿಯನ್ನೂ ಲೆಕ್ಕಿಸದೆ ತಿನ್ನತೊಡಗಿದಳು. ಮೂಳೆಗಳನ್ನು ನೀಟಾಗಿ ಅಂಚಿಗೆ ಜೋಡಿಸುತ್ತ, ನಡುನಡುವೆ ಸಿಹಿ ಚಹಾ ಗುಟುಕರಿಸುತ್ತ, ಆತುರವಿಲ್ಲದೆ, ನಿಲ್ಲಿಸದೆ. ಅವಳ ಬೆರಳುಗಳಿಗೆ ಎಣ್ಣೆ ಮೆತ್ತಿಕೊಂಡಿತ್ತು. ಅವನು ನೋಡುತ್ತ ಕೂತ. ತಟ್ಟೆ ಅರ್ಧವಾದಾಗ ಅವಳು ಹೇಳಿದಳು:

“ಮುಂದಿನ ಶನಿವಾರ ಡೆಲ್ಮರ್ ಓಡಿಸ್ತಿದಾನೆ. ನಾನು ಕಟ್ತೀನಿ ಅವನಿಗೆ. ಆಗಲ್ಲ ಅಂತ ಹೇಳಿದ್ದೆ, ಮತ್ತೆ ಫೋನ್ ಮಾಡ್ತೀನಿ.”

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ತಾನು ಬಿಟ್ಟರೆ ಇಬ್ಬರೂ ಬಿಟ್ಟ ಹಾಗೆ ಎಂದು ಯಾವ ಕಾಲದಿಂದಲೋ ಅಂದುಕೊಂಡು ಬಂದಿದ್ದ; ಶನಿವಾರಗಳು ಖಾಲಿಯಾಗುವುದನ್ನೂ, ಆ ಖಾಲಿಯಲ್ಲಿ ಅವಳು ತನ್ನ ಪಕ್ಕ ಕೂತಿರುವುದನ್ನೂ ಕಂಡಿದ್ದ.

“ನೀನು...”

“ನೀನು ಬಿಟ್ಟೆ,” ಎಂದಳು ನೆಡ್ರಾ. “ನನ್ನ ಅಳತೆ ಸರಿಯಾಗೇ ಇತ್ತು, ನಾನ್ಯಾಕೆ ಬಿಡ್ಲಿ?” ಬೋಂಡಾ ಒಂದನ್ನು ಬಾಯಿಗಿಟ್ಟು, ಅಗಿದು, ನುಂಗಿ, ಕಾಗದದಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು. “ಬರೋದಾದ್ರೆ ಬಾ. ಕಾರುಗಳ ಹತ್ರ ಬರ್ಬೇಡ, ಅಲ್ಲಿ ಕೆಲಸ ಇರೋರು ಇರ್ತಾರೆ. ಟಿಕೆಟ್ ತಗೊಂಡು ಮೇಲೆ ಗ್ಯಾಲರೀಲಿ ಕೂತ್ಕೋ.”

ಮತ್ತೆ ತಟ್ಟೆಯ ಕಡೆ ಬಾಗಿದಳು.